ಹೋಗದವನ ಬದಲಿ

ಯುದ್ಧ ಶುರುವಾದ ಮೂರೇ ತಿಂಗಳಿಗೆ ನಮ್ಮೂರಿನ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಬ್ರೆಡ್ ಸುಡುವುದರಲ್ಲಿ ಆಸಕ್ತಿ ಹುಟ್ಟಿತು. ಬೇಕರಿ ಕೆಲಸದವರನ್ನು ಸೈನ್ಯಕ್ಕೆ ಕರೆಯುವುದಿಲ್ಲ ಎಂದು ಸರ್ಕಾರ ಪ್ರಕಟಿಸಿತ್ತು, ಅಷ್ಟೇ ಕಾರಣ. ನಮ್ಮ ಬೀದಿಯ ಮೂಲೆಯ ಬೇಕರಿಯಲ್ಲಿ ಇದ್ದದ್ದು ಒಂದೇ ಒಲೆ, ಅದರ ಸುತ್ತ ಹನ್ನೊಂದು ಜನ. ಅವರಲ್ಲಿ ಇಬ್ಬರು ವಕೀಲರು, ಒಬ್ಬ ನಾಟಕದಲ್ಲಿ ರಾಜನ ಪಾತ್ರ ಮಾಡುವವನು, ಇನ್ನೊಬ್ಬ ಹಲ್ಲಿನ ಡಾಕ್ಟರ ಅಳಿಯ. ಹಿಟ್ಟು ನಾದುತ್ತಿದ್ದವಳು ಮಾತ್ರ ಮೊದಲಿನಂತೆಯೇ ಬೇಕರಿಯವನ ಹೆಂಡತಿ. ಫೋಟೋ ಅಂಗಡಿಯವನು ಮದುವೆ ಫೋಟೋ ಬಿಟ್ಟು ಗುರುತಿನ ಚೀಟಿಯ ಫೋಟೋ ತೆಗೆಯತೊಡಗಿದ. ಸ್ವಲ್ಪ ನಗಿ ಎಂದು ಗೋಗರೆಯುವ ಕಷ್ಟ ಅವನಿಗೆ ತಪ್ಪಿತು. ಮದುವೆ ಬ್ಯಾಂಡಿನವರು ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಸೈನಿಕರನ್ನು ಬೀಳ್ಕೊಡಲು ಊದತೊಡಗಿದರು. ಹಾಡು ಬದಲಾಯಿಸುವ ಗೋಜಿಗೆ ಹೋಗಲಿಲ್ಲ.

ನಾನು ಪಂಪು ಕಾರ್ಖಾನೆಯ ಹಾಜರಿ ಗುಮಾಸ್ತ. ಆಗ ವಯಸ್ಸು ನಲವತ್ತೊಂದು, ಕೈಕಾಲು ಗಟ್ಟಿ, ಕಣ್ಣು ಚುರುಕು, ಧೈರ್ಯ ಮಾತ್ರ ಹುಟ್ಟಿನಿಂದಲೇ ಕಡಿಮೆ. ಗೇಟಿನ ಪಕ್ಕದ ಪುಟ್ಟ ಕೋಣೆಯ ಕಿಟಕಿಯಲ್ಲಿ ಕೂತು, ಬಂದವರ ಹಿತ್ತಾಳೆ ಬಿಲ್ಲೆಯ ನಂಬರು ನೋಡಿ ಹಾಜರಿ ಪುಸ್ತಕದಲ್ಲಿ ಗುರುತು ಹಾಕುವುದು ನನ್ನ ಕೆಲಸ. ಈ ಕಿಟಕಿಯ ಹಿಂದೆ ಕೂತ ಒಂದೇ ಕಾರಣಕ್ಕೆ ನನಗೆ ಸೈನ್ಯದಿಂದ ವಿನಾಯಿತಿ ಸಿಕ್ಕಿತ್ತು. ದೇಶಕ್ಕೆ ನನ್ನ ಎದೆಗಿಂತ ನನ್ನ ಅಕ್ಷರ ಹೆಚ್ಚು ಉಪಯೋಗ ಎಂದು ಯಾರೋ ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ.

ಹೆಸರಿಗೆ ಪಂಪು ಕಾರ್ಖಾನೆ. ನೀರು ಮೇಲೆತ್ತುವುದಕ್ಕಿಂತ ಮನೆ ಕೆಳಗುರುಳಿಸುವುದಕ್ಕೆ ಬೇಡಿಕೆ ಹೆಚ್ಚಾದ್ದರಿಂದ ನಾವು ಫಿರಂಗಿ ಗುಂಡಿನ ಮೂತಿ ಮಾಡುತ್ತಿದ್ದೆವು. ಇಂಥ ಕಾರ್ಖಾನೆಯ ಕಾಯಂ ಕೆಲಸಗಾರರನ್ನು ಸೈನ್ಯಕ್ಕೆ ಕರೆಯಬಾರದು ಎಂದು ಆದೇಶ ಬಂದದ್ದು ನಿಜ, ಆದರೆ ಸರ್ಕಾರಕ್ಕೆ ಆ ಬುದ್ಧಿ ಬರುವಷ್ಟರಲ್ಲಿ ನೂರಿಪ್ಪತ್ತು ಮಂದಿ ಹೋಗಿ ಆಗಿತ್ತು. ಅವರನ್ನು ವಾಪಸ್ಸು ಕಳಿಸಿ ಎಂದು ಬರೆದರೆ, ಅವರು ಈಗ ಸೈನಿಕರು, ಕೆಲಸಗಾರರಲ್ಲ ಎಂದು ಉತ್ತರ ಬಂತು.

ಯಂತ್ರ ಓಡಿಸುವವರಿಲ್ಲ. ಹೋದವರ ಮನೆಯ ಹೆಂಗಸರನ್ನೇ ಕರೆಯೋಣವೆಂದರೆ, ಇಲಾಖೆ ಮಂಜೂರು ಮಾಡಿದ ಪಟ್ಟಿಯಲ್ಲಿರುವುದು ಗಂಡಸರ ಹೆಸರು. ಪಟ್ಟಿ ತಿದ್ದಲು ಅನುಮತಿ ಬೇಕು, ಅನುಮತಿ ಕೊಡುವ ಅಧಿಕಾರಿ ಯುದ್ಧಕ್ಕೆ ಹೋಗಿದ್ದಾನೆ. ಆಗ ನಮ್ಮ ಮ್ಯಾನೇಜರು ಒಂದು ಉಪಾಯ ಕಂಡುಹಿಡಿದರು. ಹೆಂಗಸು ಗಂಡನ ಬಿಲ್ಲೆ ಕಟ್ಟಿಕೊಂಡು ಬರಲಿ, ಗಂಡನ ಯಂತ್ರ ಓಡಿಸಲಿ, ಮುಕ್ಕಾಲು ಸಂಬಳ ತೆಗೆದುಕೊಳ್ಳಲಿ. ಹಾಜರಿ ಮಾತ್ರ ಗಂಡನ ಹೆಸರಿಗೆ. ಕಾಗದಕ್ಕೆ ಕಣ್ಣಿದೆಯೇನು? ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಇಲಾಖೆ ನಮ್ಮ ಪುಸ್ತಕ ನೋಡಿ ಸಂತೋಷಪಟ್ಟಿತು. ಯುದ್ಧಕಾಲದಲ್ಲೂ ಒಂದೇ ಒಂದು ಗೈರುಹಾಜರಿಯಿಲ್ಲದ ಕಾರ್ಖಾನೆ ನಮ್ಮದು.

ಮ್ಯಾನೇಜರ ಬಗ್ಗೆ ಎರಡು ಮಾತು ಹೇಳಬೇಕು. ಸುಳ್ಳು ಹೇಳುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದರು, ಅವರ ಪ್ರಾಮಾಣಿಕತೆ ಅಷ್ಟು. ಇಲಾಖೆಯಿಂದ ಬರುವ ಸುತ್ತೋಲೆಗಳನ್ನು ಓದುತ್ತಿರಲಿಲ್ಲ. ನಾನು ಬೆರಳಿಟ್ಟ ಕಡೆ ಸಹಿ ಹಾಕಿ, "ಏನಾದ್ರೂ ಮುಖ್ಯವಾದದ್ದಿದ್ರೆ ಹೇಳಿಬಿಡಿ ಗುಮಾಸ್ತ್ರೇ" ಎನ್ನುತ್ತಿದ್ದರು.

ಹೋದವರಲ್ಲಿ ನನ್ನ ತಮ್ಮನೂ ಒಬ್ಬ. ಅರವತ್ತೆರಡನೇ ನಂಬರಿನ ಟರ್ನರು, ಲೇತ್ ಯಂತ್ರದ ಮೇಲೆ ಕಬ್ಬಿಣವನ್ನು ಸೌತೆಕಾಯಿ ಹೆರೆದಂತೆ ಹೆರೆಯುತ್ತಿದ್ದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನನ್ನು ಎತ್ತಿ ಆಡಿಸಿದ್ದು ನಾನು. ಅವನು ಹೋದ ವಾರವೇ ಅವನ ಹೆಂಡತಿ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ಅವನ ಬಿಲ್ಲೆಯನ್ನು ಸೊಂಟಕ್ಕೆ ಕಟ್ಟಿಕೊಂಡು ನನ್ನ ಕಿಟಕಿಗೆ ಬಂದಳು. "ಹಾಜರಿ ಹಾಕಿ ಭಾವ" ಎಂದಳು. ಹಾಕಿದೆ.

ಮೊದಲ ವಾರ ಅವಳು ಕಬ್ಬಿಣಕ್ಕೆ ಹೆದರುತ್ತಿದ್ದಳು. ಎರಡನೇ ತಿಂಗಳಿಗೆ ಕಬ್ಬಿಣವೇ ಅವಳಿಗೆ ಹೆದರತೊಡಗಿತು. ಒಂದು ವರ್ಷ ತುಂಬುವಷ್ಟರಲ್ಲಿ ಇಡೀ ಶೆಡ್ಡಿನಲ್ಲಿ ಅತಿ ಕಡಿಮೆ ತಿರಸ್ಕೃತವಾಗುವ ಗುಂಡಿನ ಮೂತಿ ಅವಳದು. ಹೊಲಿಗೆಯಲ್ಲಿ ಬೇಸತ್ತು ಬಗ್ಗಿದ್ದ ಅವಳ ಬೆನ್ನು ನೆಟ್ಟಗಾಯಿತು. "ಹೊಲಿಗೆಯವಳಿಗೆ ಎಲ್ಲರೂ ಬುದ್ಧಿ ಹೇಳ್ತಾರೆ ಭಾವ. ಅಲ್ಲಿ ಬಿಗಿ ಆಯ್ತು, ಇಲ್ಲಿ ಸಡಿಲ ಆಯ್ತು ಅಂತ. ಇಲ್ಲಿ ಅಳತೆಯ ಗೇಜು ಹಾಕಿ ನೋಡಿದ್ರೆ ಮುಗೀತು. ಸರಿ ಅಂದ್ರೆ ಸರಿ, ತಪ್ಪು ಅಂದ್ರೆ ತಪ್ಪು. ಇಂಥ ಮರ್ಯಾದೆ ನನಗೆ ಎಲ್ಲೂ ಸಿಕ್ಕಿರಲಿಲ್ಲ" ಎಂದಿದ್ದಳು ಒಮ್ಮೆ.

ಪತ್ರ ಬಂದದ್ದು ಒಂದು ರಜಾದಿನ ಬೆಳಿಗ್ಗೆ. ಅಮ್ಮ ಬಚ್ಚಲಲ್ಲಿದ್ದಳು. ಅಚ್ಚು ಹಾಕಿಸಿದ ಹಾಳೆ, ಅದರಲ್ಲಿ 'ನಿಮ್ಮ ಗಂಡ, ಮಗ, ತಂದೆ' ಎಂದು ಮೂರೂ ಇದ್ದು, ಬೇಡವಾದದ್ದನ್ನು ಹೊಡೆದುಹಾಕಬೇಕು. ಅವಸರದಲ್ಲಿದ್ದ ಯಾರೋ ಗಂಡನನ್ನೂ ತಂದೆಯನ್ನೂ ಹೊಡೆದುಹಾಕಿ ಮಗನನ್ನು ಉಳಿಸಿದ್ದ. ಹೆಸರು, ನಂಬರು, ದಳ ಮಾತ್ರ ಸರಿಯಾಗಿದ್ದವು. ತಮ್ಮನ ಹೆಂಡತಿ ನಿಂತೇ ಓದಿದಳು.

"ನನ್ನ ಮಗ ಅಂತೆ" ಎಂದಳು. ಆಮೇಲೆ ಗೋಡೆಗೆ ಹಣೆ ಒತ್ತಿ ತುಂಬ ಹೊತ್ತು ನಿಂತಳು. ನಾನು ತಮ್ಮನ ಮುಖ ನೆನಪು ಮಾಡಿಕೊಳ್ಳಲು ಹೋದರೆ ಐದು ವರ್ಷದ ಹುಡುಗನ ಮುಖ ಮಾತ್ರ ಕಣ್ಣಿಗೆ ಬರುತ್ತಿತ್ತು.

ಬಚ್ಚಲಲ್ಲಿ ನೀರಿನ ಸದ್ದು ನಿಂತಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಭಾವ, ಅತ್ತೆಗೆ ಹೇಳಬೇಡಿ. ಅವರು ಅತ್ತರೆ ಬೀದಿಗೆ ಕೇಳುತ್ತೆ, ಬೀದಿಗೆ ಕೇಳಿದ್ರೆ ಮ್ಯಾನೇಜರಿಗೆ ಕೇಳುತ್ತೆ."

"ಏನಮ್ಮ ಇದು, ಸಾವನ್ನ ಮುಚ್ಚಿಡೋದಾ?"

"ಬಿಲ್ಲೆಯವನು ಸತ್ರೆ ಜಾಗ ಖಾಲಿ. ಜಾಗ ಖಾಲಿಯಾದ್ರೆ ಬದಲಿಯವಳು ಮನೆಗೆ. ನಿಯಮ ಬರೆದಿಟ್ಟಿರೋರು ನೀವೇ ಅಲ್ವಾ? ಅವರಂತೂ ಹೋದ್ರು. ಲೇತೂ ಹೋದ್ರೆ ನನಗೇನು ಉಳೀತು ಭಾವ?"

ಮಾರನೆಯ ಬೆಳಿಗ್ಗೆ ಅವಳು ಸಮಯಕ್ಕೆ ಸರಿಯಾಗಿ ಕಿಟಕಿಗೆ ಬಂದಳು. ನಾನು ತಮ್ಮನ ಹೆಸರಿನ ಮುಂದೆ 'ಹಾಜರು' ಎಂದು ಬರೆದೆ. ಅಕ್ಷರ ಎಂದಿನಂತೆ ನೆಟ್ಟಗಿತ್ತು. ಅದನ್ನು ಕಂಡೇ ಆಮೇಲೆ ಭಯವಾಯಿತು.

ಹೀಗೆ ಆರು ವಾರ ನನ್ನ ತಮ್ಮ ಸತ್ತ ಮೇಲೂ ಒಂದು ದಿನ ತಪ್ಪಿಸದೆ ಕೆಲಸಕ್ಕೆ ಬಂದ. ಮನೆಯಲ್ಲಿ ಅಮ್ಮ ಕೇಳಿದಾಗಲೆಲ್ಲ ಚೆನ್ನಾಗಿದ್ದಾನಂತೆ ಎನ್ನುತ್ತಿದ್ದೆವು. ಇನ್ನೂ ನಾಲ್ಕಾರು ಹೆಂಗಸರ ಕಣ್ಣು ಕೆಂಪಗಿದ್ದುದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಕೇಳಿರಲಿಲ್ಲ. ಕೇಳದಿರುವುದು ಆಗ ಊರಿನಲ್ಲಿ ದೊಡ್ಡ ಉಪಕಾರವೆನಿಸಿಕೊಂಡಿತ್ತು.

ಅಷ್ಟರಲ್ಲಿ ಬೇಕರಿ ಕೆಲಸದವರ ವಿನಾಯಿತಿ ರದ್ದಾಯಿತು. ಹನ್ನೊಂದು ಜನರಲ್ಲಿ ಹತ್ತು ಮಂದಿಗೆ ಬ್ರೆಡ್ಡಿನ ಮೇಲಿದ್ದ ಪ್ರೀತಿ ಒಂದೇ ಮಧ್ಯಾಹ್ನದಲ್ಲಿ ಆರಿಹೋಯಿತು. ಈಗ ಊರಿನಲ್ಲಿ ಉಳಿದ ಗಟ್ಟಿ ನೆಲೆಯೆಂದರೆ ನಮ್ಮಂಥ ಕಾರ್ಖಾನೆಯ ಕಾಯಂ ಜಾಗ. ಕನ್ಯೆ ಕೇಳಲು ಬಂದವರ ಹಾಗೆ ದೊಡ್ಡವರು ಮ್ಯಾನೇಜರ ಕೋಣೆಗೆ ಬಂದು ಹೋಗತೊಡಗಿದರು. ಎಲ್ಲರಿಗಿಂತ ಮುಂದಿದ್ದವರು ಬೂಟು ಕಂಟ್ರಾಕ್ಟರು. ಸೈನ್ಯಕ್ಕೆ ಬೂಟು ಒದಗಿಸುವವರು. ಚರ್ಮದ ಬದಲು ಅಟ್ಟೆಗೆ ರಟ್ಟು ಹಾಕುತ್ತಾರೆಂಬುದು ಊರಿಗೆಲ್ಲ ಗೊತ್ತಿತ್ತು. ಬೂಟು ತೊಟ್ಟವನಿಗಿಂತ ಒಂದು ದಿನ ಹೆಚ್ಚು ಬಾಳಿದರೆ ಸಾಕು ಎಂಬುದು ಅವರ ಲೆಕ್ಕಾಚಾರ. ಅವರಿಗೆ ಇಪ್ಪತ್ತೆರಡು ವರ್ಷದ ಒಬ್ಬನೇ ಮಗ.

ಮ್ಯಾನೇಜರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ನೂರಿಪ್ಪತ್ತು ಜನ ಹೋಗಿ ಒಂದು ವರ್ಷದ ಮೇಲಾಯ್ತು. ಒಬ್ಬನೂ ಸತ್ತಿಲ್ಲ ಅಂದ್ರೆ ನಂಬೋ ಮಾತೇನ್ರೀ ಇದು?"

"ಎಲ್ಲಾ ನಿಮ್ಮ ಪುಣ್ಯ ಸಾರ್."

"ನನ್ನ ಪುಣ್ಯ ಹಾಳಾಗ್ಲಿ! ನನಗೆ ಒಂದೇ ಒಂದು ಖಾಲಿ ಜಾಗ ಬೇಕು. ಹೆಂಗಸರು ಬಚ್ಚಿಡ್ತಾ ಇದಾರೆ. ಕಿಟಕೀಲಿ ಕೂತು ದಿನಾ ಅವರ ಮುಖ ನೋಡೋರು ನೀವು. ಶನಿವಾರದೊಳಗೆ ಒಂದು ಹೆಸರು ಕೊಡಿ."

"ನನಗೆ ಯಾವುದೂ ಗೊತ್ತಿಲ್ಲ ಸಾರ್."

"ಗೊತ್ತಿಲ್ಲದಿದ್ರೆ ಬಿಡಿ. ಕಂಟ್ರಾಕ್ಟರ ಮಗನ ಅಕ್ಷರ ದುಂಡಗಿದೆ, ಹಾಜರಿ ಪುಸ್ತಕ ಬರೀಬಲ್ಲ. ನೀವೂ ಗಟ್ಟಿಮುಟ್ಟಾಗಿದ್ದೀರಿ, ಸೈನ್ಯದೋರು ಬೇಡ ಅನ್ನಲ್ಲ."

ಈ ಸಲ ಅವರು ಕೆಮ್ಮಲಿಲ್ಲ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಗಾದೆ ಇದೆ. ತಪ್ಪಿಸಿಕೊಂಡ ದೊಣ್ಣೆ ಯಾರ ತಲೆಗೆ ಬೀಳುತ್ತದೆ ಎಂದು ಗಾದೆ ಹೇಳುವುದಿಲ್ಲ. ಶುಕ್ರವಾರದವರೆಗೆ ನಾನು ಹೀರೋ ಆಗಿಯೇ ಇದ್ದೆ. ಶನಿವಾರ ಬೆಳಿಗ್ಗೆ ಕನ್ನಡಿಯಲ್ಲಿ ನನ್ನ ಕುತ್ತಿಗೆ ನೋಡಿಕೊಂಡೆ, ಬಲು ತೆಳ್ಳಗೆ ಕಂಡಿತು. ಮಧ್ಯಾಹ್ನ ಒಳಗೆ ಹೋಗಿ, "ಅರವತ್ತೆರಡು ಸಾರ್, ನನ್ನ ತಮ್ಮ" ಎಂದೆ.

ಮ್ಯಾನೇಜರು ಕೆಮ್ಮಿ, ತಮಗೆ ತುಂಬಾ ದುಃಖವಾಯಿತೆಂದರು. ಆಮೇಲೆ ಹಾಜರಿ ಪುಸ್ತಕ ತರಿಸಿ ಹುಬ್ಬು ಗಂಟಿಕ್ಕಿದರು. ಸತ್ತವನು ಅಂದು ಬೆಳಿಗ್ಗೆಯೂ ಹಾಜರಿದ್ದ. "ಇವತ್ತು ಸಂಜೆ ಐದೂವರೆ ನಂತರ ಅಂತ ಬರೀರಿ. ಪಾಳಿ ಮುಗಿದ ಮೇಲೆ ಸತ್ತಿದ್ರೆ ನಮಗೇನೂ ತೊಂದರೆ ಇಲ್ಲ."

ನಾನು ಹಾಗೆಯೇ ಬರೆದೆ. ಸಂಜೆಗೆ ಗೇಟಿನ ಮೇಲೆ ಕಪ್ಪು ಅಂಚಿನ ಹಾಳೆ ಅಂಟಿಸಿದರು: ನಮ್ಮ ಕಾರ್ಖಾನೆಯ ಮೊದಲ ಹುತಾತ್ಮ. ನಾವು ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯಾಕೆ ಅಮ್ಮನಿಗೆ ಹೇಳಿ ಆಗಿತ್ತು. ಅಮ್ಮ ಹೊಸ್ತಿಲ ಮೇಲೆ ಕೂತಿದ್ದಳು. "ಮೊನ್ನೆ ತಾನೇ ಚೆನ್ನಾಗಿದ್ದಾನೆ ಅಂದ್ಯಲ್ಲೋ" ಎಂದು ನನ್ನ ಅಂಗಿ ಹಿಡಿದು ಜಗ್ಗಿದಳು. "ದಿನಾ ಹೇಳ್ತಿದ್ಯಲ್ಲೋ, ಪಾಪಿ!" ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ತಮ್ಮನ ಹೆಂಡತಿ ನನ್ನೆದುರು ಬಂದು ನಿಂತಳು.

"ಮ್ಯಾನೇಜರಿಗೆ ಹೇಳಿದ್ದು ಯಾರು ಭಾವ?"

"ಇಲಾಖೆಯಿಂದ ಬಂತಂತೆ" ಎಂದೆ. ಹೇಳುವ ಮುಂಚೆ ಒಮ್ಮೆ ಕೆಮ್ಮಿದೆ ಎಂಬುದು ಹೇಳಿದ ಮೇಲೆ ನನ್ನ ಗಮನಕ್ಕೆ ಬಂತು.

ಸೋಮವಾರ ಮ್ಯಾನೇಜರು ಅವಳನ್ನು ಕರೆಸಿದರು. ಅವರಿಗೊಂದು ಇಕ್ಕಟ್ಟಿತ್ತು. ವಿನಾಯಿತಿ ಪಡೆದ ಟರ್ನರುಗಳನ್ನು ಸೈನ್ಯದ ಅಧಿಕಾರಿಯೊಬ್ಬ ಬಂದು ಪರೀಕ್ಷಿಸುವ ಪದ್ಧತಿ ಇತ್ತು. ಹಿಂದಿನ ವರ್ಷ ನದಿಯಾಚೆಯ ಕಾರ್ಖಾನೆಯಲ್ಲಿ, ಲೇತಿನ ಯಾವ ಕಡೆ ನಿಲ್ಲಬೇಕೆಂದೇ ತಿಳಿಯದ ಆರು 'ಟರ್ನರು'ಗಳನ್ನು ಲಾರಿಗೆ ಹತ್ತಿಸಿಕೊಂಡು ನೇರ ರಣರಂಗಕ್ಕೆ ಒಯ್ದಿದ್ದರು. ನಮ್ಮ ಸರದಿಗೆ ಇನ್ನು ಎರಡು ತಿಂಗಳಿತ್ತು.

"ನೋಡಮ್ಮ, ಹುಡುಗನಿಗೆ ಕೆಲಸ ಕಲಿಸಿಕೊಡು. ಅಲ್ಲಿವರೆಗೂ ನೀನೇ ಅವನ ಬದಲಿ ಅಂತ ಇರು, ಲೇತ್ ಓಡಿಸು. ಅವನು ಪಾಸಾದ ಮೇಲೆ ಮನೆಗೆ ಹೋಗುವಿಯಂತೆ."

"ಮೊನ್ನೆವರೆಗೆ ಯುದ್ಧಕ್ಕೆ ಹೋದವನ ಬದಲಿ ಇದ್ದೆ ಸಾರ್" ಎಂದಳು ಅವಳು. "ಇವತ್ತಿಂದ ಹೋಗದವನ ಬದಲಿ. ಸಂಬಳ ಅದೇನಾ, ಇಲ್ಲಾ ಅದಕ್ಕೂ ಕಡಿಮೆನಾ?"

"ಅದೇ" ಎಂದರು ಮ್ಯಾನೇಜರು, ತುಂಬಾ ಉದಾರವಾಗಿ.

ಅವಳು ಒಪ್ಪಿದಳು. ಬೇರೆ ಯಾವ ಕಾರ್ಖಾನೆಯೂ ಗಂಡನ ಬಿಲ್ಲೆಯಿಲ್ಲದ ಹೆಂಗಸನ್ನು ಒಳಗೆ ಬಿಡುತ್ತಿರಲಿಲ್ಲ. ಎರಡು ತಿಂಗಳಾದರೂ ಲೇತಿನ ಮುಂದೆ ನಿಲ್ಲಬಹುದಲ್ಲ ಎಂದಳು ನನಗೆ. ನಾನು ಬೂಟಿನ ಲಾಡಿ ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿದೆ.

ಕಂಟ್ರಾಕ್ಟರ ಮಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅವನ ಅಂಗೈ ನೋಡಿ ಹೆಂಗಸರೆಲ್ಲ ಅವನಿಗೆ 'ಬೆಣ್ಣೆ' ಎಂದು ಹೆಸರಿಟ್ಟರು. ಮೊದಲ ದಿನವೇ ಲೇತಿನವರೆಲ್ಲ ಮೊದಲ ದಿನ ಮಾಡುವ ತಪ್ಪನ್ನು ಅವನೂ ಮಾಡಿದ. ಕಬ್ಬಿಣದ ತುಂಡನ್ನು ಹಿಡಿದುಕೊಳ್ಳುವ ಚಕ್ಕನ್ನು ಕೀಲಿಯಿಂದ ಬಿಗಿ ಮಾಡಿ, ಕೀಲಿಯನ್ನು ಅಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಲು ಹೋದ. ತಮ್ಮನ ಹೆಂಡತಿ ಅವನ ಕೈಗೆ ಫಟ್ಟನೆ ಬಾರಿಸಿದ ಸದ್ದು ನನ್ನ ಕಿಟಕಿಗೂ ಕೇಳಿತು.

"ಅದು ತಿರುಗಿದ್ರೆ ಕೀಲಿ ಹಾರಿ ನಿನ್ನ ಹಣೇಲಿ ಕೂರುತ್ತೆ! ಗುಂಡು ತಪ್ಪಿಸಿಕೊಂಡು ಬಂದು ಕೀಲಿಗೆ ಸಾಯ್ತೀಯಾ?"

ಅವನ ಮೇಲೆ ಈವರೆಗೆ ಯಾರೂ ಕೈ ಮಾಡಿರಲಿಲ್ಲವೆಂದು ಕಾಣುತ್ತದೆ. ಕೈ ಉಜ್ಜಿಕೊಂಡು, "ಇನ್ನೊಂದು ಸಲ ತೋರಿಸಿ ಅಕ್ಕ" ಎಂದ.

ಅವಳ ಕಷ್ಟ ಅಲ್ಲಿಂದ ಶುರುವಾಯಿತು. ಕೆಟ್ಟದಾಗಿ ಕಲಿಸಬೇಕೆಂದೇ ಅವಳು ನಿರ್ಧರಿಸಿದ್ದಳು, ನನಗೆ ಹೇಳಿಯೂ ಇದ್ದಳು. ಆದರೆ ಅವಳಿಗೆ ಕೆಟ್ಟದಾಗಿ ಕಲಿಸಲು ಬರುತ್ತಿರಲಿಲ್ಲ. ಓರೆಯಾದ ಅಂಚು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹುಡುಗನೂ ಕೋಣನ ಜಾತಿಯಲ್ಲ. ಮೂರನೇ ವಾರಕ್ಕೆ ಅಂಗೈ ಬೊಬ್ಬೆ ಒಡೆದು ಗಟ್ಟಿಯಾಯಿತು. ಐದನೇ ವಾರಕ್ಕೆ ಅವನು ಮಾಡಿದ ಮೂತಿ ಗೇಜಿಗೆ ಸರಿಯಾಗಿ ಕೂತಿತು. ಅದನ್ನು ಹಿಡಿದುಕೊಂಡು ಊಟದ ಹೊತ್ತಿನಲ್ಲಿ ಶೆಡ್ಡೆಲ್ಲ ಸುತ್ತಿ ಎಲ್ಲರಿಗೂ ತೋರಿಸಿದ. ಅಪ್ಪನ ಮನೆಯಲ್ಲಿ ಅವನು ಈವರೆಗೆ ಏನನ್ನೂ ಮಾಡಿರಲಿಲ್ಲವಂತೆ, ತಿಂದದ್ದನ್ನು ಬಿಟ್ಟು.

"ಹಿಂದೆ ಈ ಬಿಲ್ಲೆ ಯಾರದಿತ್ತು ಅಕ್ಕ?" ಎಂದು ಒಂದು ದಿನ ಕೇಳಿದ.

"ನಮ್ಮ ಮನೆಯವರದು."

ಹುಡುಗ ಯಂತ್ರ ನಿಲ್ಲಿಸಿದ. "ಅವರ ಜಾಗಕ್ಕೆ ನಾನು ಬಂದದ್ದಾ? ನಾನೇ ಯುದ್ಧಕ್ಕೆ ಹೋಗ್ತೀನಿ ಅಂದಿದ್ರೂ ಅಪ್ಪ ಬಿಡ್ತಿರಲಿಲ್ಲ." ಮತ್ತೆ ತಾನೇ ಸೇರಿಸಿದ: "ನಾನು ಅಂದೂ ಇಲ್ಲ ಬಿಡಿ. ನನಗೆ ಹೆದರಿಕೆ."

"ಹೆದರಿಕೆ ಇರೋನೇ ಲೇತಿಗೆ ಸರಿ. ಬೆರಳು ಉಳಿಯುತ್ತೆ" ಎಂದಳಂತೆ ಅವಳು. ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಇದನ್ನೆಲ್ಲ ಹೇಳಿ, "ಬೈಯೋಣ ಅಂದ್ರೆ ಬಾಯೇ ಬರಲ್ಲ ಭಾವ ಆ ಹುಡುಗನಿಗೆ" ಎಂದಳು. ಗಂಡ ಹೋದ ಮೇಲೆ ಅವಳು ಒಬ್ಬರ ವಿಷಯ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ನನಗೆ ಹೊಟ್ಟೆ ಉರಿಯಿತು. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಅವಳು ತನ್ನ ಕೈಯಾರೆ ತನ್ನ ಅನ್ನ ಕಸಿಯುವವನನ್ನು ತಯಾರು ಮಾಡಿದ್ದಳು, ಅದೂ ಸಂತೋಷವಾಗಿ.

ಸುತ್ತೋಲೆ ಬಂದದ್ದು ಮಾರನೆಯ ದಿನ. ಅದನ್ನು ನಾನು ಮೂರು ಸಲ ಓದಿದೆ. ರಣರಂಗದಲ್ಲಿ ಬಂದೂಕಿಗಿಂತ ಜನ ಹೆಚ್ಚಾಗಿದ್ದಾರೆ, ಆದರೆ ಕೆಟ್ಟ ಬಂದೂಕು, ಗಾಡಿ ರಿಪೇರಿ ಮಾಡುವವರಿಲ್ಲ. ಆದ್ದರಿಂದ ಇನ್ನು ಮುಂದೆ ಪರೀಕ್ಷೆಯಲ್ಲಿ ಉತ್ತೀರ್ಣರಾದ, ಮೂವತ್ತು ವರ್ಷದೊಳಗಿನ ಕಾಯಂ ಟರ್ನರುಗಳನ್ನು ಅಂದೇ ಸೈನ್ಯದ ರಿಪೇರಿ ದಳಕ್ಕೆ ಸೇರಿಸಿಕೊಳ್ಳಲಾಗುವುದು. ಅನುತ್ತೀರ್ಣರಾದವರು ದಳಕ್ಕೆ ನಿರುಪಯುಕ್ತರಾದ್ದರಿಂದ ಕಾರ್ಖಾನೆಯಲ್ಲೇ ಮುಂದುವರಿಯತಕ್ಕದ್ದು.

ಕ್ರಮ ಪೂರ್ತಿ ತಿರುವುಮುರುವಾಗಿತ್ತು. ಕೆಲಸ ಬಂದವನು ಗುಂಡಿನ ಎದುರಿಗೆ, ಬಾರದವನು ಗುಂಡು ಮಾಡುವುದಕ್ಕೆ. ಇಂಥ ಬುದ್ಧಿ ಇಲಾಖೆಗಲ್ಲದೆ ಇನ್ನಾರಿಗೆ ಹೊಳೆದೀತು? ಮೂವತ್ತರೊಳಗಿನ ಕಾಯಂ ಟರ್ನರು ನಮ್ಮಲ್ಲಿ ಉಳಿದಿದ್ದವನು ಬೆಣ್ಣೆ ಒಬ್ಬನೇ. ಮ್ಯಾನೇಜರಿಗೆ ಒಂದು ಮಾತು ಹೇಳಿದರೆ ಸಾಕು, ಹುಡುಗ ಲೇತಿನ ಮುಂದೆ ಎಡವಿ ಬಿದ್ದು ಫೇಲಾಗುತ್ತಾನೆ, ಬಿಲ್ಲೆ ಉಳಿಸಿಕೊಳ್ಳುತ್ತಾನೆ. ಅವಳು ಮನೆಗೆ. ಹೇಳದಿದ್ದರೆ ಹುಡುಗ ಯುದ್ಧಕ್ಕೆ, ಅವಳು ಲೇತಿನ ಮುಂದೆ.

ಹುಡುಗನ ಮುಖ ನೆನಪಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೆನಪಾಯಿತು. ಆದರೆ ಅದರ ಪಕ್ಕದಲ್ಲೇ ಅವನ ಅಪ್ಪನ ಕಾರು, ರಟ್ಟಿನ ಅಟ್ಟೆ, ಗೇಟಿನ ಮೇಲಿನ ಕಪ್ಪು ಅಂಚಿನ ಹಾಳೆ ಎಲ್ಲ ನೆನಪಾದವು. ನಾನು ಮಾಡಿದ ತಪ್ಪನ್ನು ಒರೆಸಿಹಾಕಲು ಇದಕ್ಕಿಂತ ಅಗ್ಗದ ದಾರಿ ಸಿಗುವಂತಿರಲಿಲ್ಲ. ಬೆಲೆ ತೆರುವವನು ಬೇರೆಯವನು. ಸುತ್ತೋಲೆ ತಲುಪಿತೆಂಬ ರಸೀದಿಯನ್ನು ಬೇರೆ ಕಾಗದಗಳ ನಡುವೆ ಸೇರಿಸಿ ಮ್ಯಾನೇಜರ ಮುಂದಿಟ್ಟು ಬೆರಳು ತೋರಿಸಿದೆ. ಸಹಿ ಹಾಕಿದರು.

"ಮುಖ್ಯವಾದದ್ದು ಏನಾದ್ರೂ ಇದೆಯಾ?"

"ಏನಿಲ್ಲ ಸಾರ್."

ಪರೀಕ್ಷೆಯ ದಿನ ಬಂದ ಅಧಿಕಾರಿ ತುಂಬಾ ಸಭ್ಯ ಮನುಷ್ಯ. ಶೆಡ್ಡಿನಲ್ಲಿ ಮ್ಯಾನೇಜರಿದ್ದರು, ಕಂಟ್ರಾಕ್ಟರು ಹೊಳೆಯುವ ಬೂಟು ತೊಟ್ಟು ಮೂಲೆಯಲ್ಲಿ ನಿಂತಿದ್ದರು, ನಾನು ಪುಸ್ತಕ ಹಿಡಿದು ಬಾಗಿಲಲ್ಲಿದ್ದೆ. ತಮ್ಮನ ಹೆಂಡತಿ ಪಕ್ಕದ ಯಂತ್ರದ ಹತ್ತಿರ ಕೈ ಕಟ್ಟಿ ನಿಂತಿದ್ದಳು. ಬೆಣ್ಣೆ ಲೇತಿನ ಮುಂದೆ ಹೋಗಿ, ತುಂಡು ಕೂರಿಸಿ, ಚಕ್ ಬಿಗಿ ಮಾಡಿ, ಕೀಲಿ ತೆಗೆದು ಎಲ್ಲರಿಗೂ ಕಾಣುವಂತೆ ಪಕ್ಕಕ್ಕಿಟ್ಟ. ಆಮೇಲೆ ಸುತ್ತಲೂ ಜನ ಇದ್ದಾರೆಂಬುದನ್ನೇ ಮರೆತ. ಕಬ್ಬಿಣದ ಹೊಟ್ಟು ನೀಲಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ನನ್ನ ತಮ್ಮ ಕೆಲಸ ಮಾಡುವಾಗ ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿಯುತ್ತಿದ್ದ. ಅದು ಹೆಂಡತಿಗೆ ಬಂದಿತ್ತು, ಈಗ ಈ ಹುಡುಗನೂ ಹಾಗೇ ಹಿಡಿದಿದ್ದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆದರೂ ನಿಂತೆ.

ಅಧಿಕಾರಿ ತನ್ನದೇ ಗೇಜು ತೆಗೆದು ಅಳೆದ. ಎರಡು ಸಲ ಅಳೆದ. "ಭೇಷ್! ಇಷ್ಟು ಚೊಕ್ಕವಾದ ಕೆಲಸ ನಾನು ಈ ವರ್ಷ ನೋಡಿರಲಿಲ್ಲ."

ಹುಡುಗ ಅವಳ ಕಡೆ ತಿರುಗಿ ಬಾಯಿ ತುಂಬ ನಕ್ಕ. ಅವಳೂ ನಕ್ಕಳು. ತನ್ನ ಕೆಲಸ ಹೋಯಿತೆಂದು ಗೊತ್ತಿದ್ದೂ ನಕ್ಕಳು. ಕಂಟ್ರಾಕ್ಟರು ಮ್ಯಾನೇಜರ ಕೈ ಕುಲುಕಿದರು.

"ಸರಿ ಹಾಗಾದ್ರೆ" ಎಂದ ಅಧಿಕಾರಿ. "ಲಾರಿ ಹೊರಗಿದೆ. ಬಟ್ಟೆಬರೆ ಏನೂ ಬೇಡ, ಎಲ್ಲಾ ಅಲ್ಲೇ ಕೊಡ್ತಾರೆ."

ಯಾರಿಗೂ ಅರ್ಥವಾಗಲಿಲ್ಲ. ಮ್ಯಾನೇಜರು, ಪಾಸಾಗಿದ್ದಾನಲ್ಲ ಎಂದು ತೊದಲಿದರು. ಪಾಸಾದದ್ದಕ್ಕೇ ಕರೆದೊಯ್ಯುತ್ತಿರುವುದು, ಫೇಲಾಗಿದ್ದರೆ ಬಿಟ್ಟು ಹೋಗುತ್ತಿದ್ದೆ ಎಂದು ಅಧಿಕಾರಿ ವಿವರಿಸಿದ. "ಹತ್ತು ದಿನದ ಹಿಂದೆಯೇ ಸುತ್ತೋಲೆ ಬಂದಿದೆಯಲ್ಲ? ಇಗೋ, ತಲುಪಿದೆ ಅಂತ ನೀವೇ ಸಹಿ ಹಾಕಿ ಕಳಿಸಿದ್ದೀರಿ."

ಮ್ಯಾನೇಜರು ರಸೀದಿಯ ಮೇಲೆ ತಮ್ಮದೇ ಸಹಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಓದದೆ ಸಹಿ ಹಾಕಿದೆ ಎಂದರೆ ಅಧಿಕಾರಿ ಬಿಡುವುದಿಲ್ಲ, ಓದಿ ಸಹಿ ಹಾಕಿದೆ ಎಂದರೆ ಕಂಟ್ರಾಕ್ಟರು ಬಿಡುವುದಿಲ್ಲ. ಆ ದಿನ ಅವರಿಗೆ ಕೆಮ್ಮು ಕೂಡ ಬರಲಿಲ್ಲ. ತಮ್ಮನ ಹೆಂಡತಿ ಅವರ ನೋಟ ಹೋದ ದಾರಿಯಲ್ಲೇ ತಿರುಗಿ ನನ್ನನ್ನು ನೋಡಿದಳು. ನಾನು ಪುಸ್ತಕದಲ್ಲಿ ಏನನ್ನೋ ಹುಡುಕತೊಡಗಿದೆ.

"ಅಂಗಿ, ಕಂಬಳಿ, ಹೊಸ ಬೂಟು, ಎಲ್ಲಾ ಸರ್ಕಾರದ್ದೇ" ಎಂದು ಅಧಿಕಾರಿ ಹುಡುಗನ ಬೆನ್ನು ತಟ್ಟಿದ.

ಬೂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಕಂಟ್ರಾಕ್ಟರ ಮುಖ ಸುಣ್ಣವಾಯಿತು. ಕಬ್ಬಿಣದ ಹೊಟ್ಟು ಚೆಲ್ಲಿದ್ದ ನೆಲದ ಮೇಲೆ ದೊಪ್ಪನೆ ಕೂತು, ತಮ್ಮ ಕಾಲಿನ ಚರ್ಮದ ಬೂಟು ಎಳೆದೆಳೆದು ಬಿಚ್ಚಿ ಮಗನ ಕೈಗೆ ತುರುಕಿದರು. "ಅವರು ಕೊಟ್ಟದ್ದು ಹಾಕ್ಕೋಬೇಡ ಮಗಾ, ನನ್ನಾಣೆ, ಇದನ್ನೇ ಹಾಕ್ಕೋ!" ಎಂದು ಅತ್ತರು. ಶೆಡ್ಡಿನ ಹೆಂಗಸರು ಒಬ್ಬರೂ ನಗಲಿಲ್ಲ. ನಾನು ನಗಬೇಕೆಂದುಕೊಂಡಿದ್ದೆ, ಆ ಗಳಿಗೆಗಾಗಿ ಹತ್ತು ದಿನ ಕಾದಿದ್ದೆ. ನನಗೂ ಆಗಲಿಲ್ಲ.

ಬೆಣ್ಣೆ ಬಿಲ್ಲೆ ಬಿಚ್ಚಿ ಅವಳ ಕೈಗೆ ಕೊಟ್ಟ. ಅಪ್ಪನ ಬೂಟು ಅವನಿಗೆ ಎರಡು ಅಳತೆ ದೊಡ್ಡದಿತ್ತು. ಲಾರಿಯವರೆಗೆ ಕಾಲೆಳೆದುಕೊಂಡು ಹೋದ.

ಮ್ಯಾನೇಜರು ನನ್ನನ್ನು ಏನೂ ಮಾಡಲಿಲ್ಲ. ನನ್ನ ಬಾಯಿ ತೆರೆಸುವುದು ಅವರಿಗೆ ಒಳ್ಳೆಯದಾಗಿರಲಿಲ್ಲ. ಕಾಯಂ ಟರ್ನರು ಸೈನ್ಯಕ್ಕೆ ಹೋದದ್ದರಿಂದ ಜಾಗ ಅವನದೇ, ಬದಲಿಯವಳು ಮುಂದುವರಿಯಲಿ ಎಂದು ಆದೇಶ ಮಾಡಿದರು. ನಾನು ಎಣಿಸಿದಂತೆಯೇ ಎಲ್ಲ ನಡೆಯಿತು. ಆ ರಾತ್ರಿ ಮನೆಯಲ್ಲಿ ಅವಳು ಅಮ್ಮನಿಗೆ ಬಡಿಸಿದಳು, ನನಗೂ ಬಡಿಸಿದಳು, ತನ್ನ ತಟ್ಟೆ ಹಿಡಿದು ಅಡುಗೆಮನೆಗೆ ಹೋದಳು. ಬೆಳಿಗ್ಗೆ ನನ್ನ ಜೊತೆ ಹೊರಡದೆ ಒಬ್ಬಳೇ ಮುಂದೆ ಹೋದಳು.

ನಾನು ಕಿಟಕಿ ತೆರೆದಾಗ ಸಾಲಿನಲ್ಲಿ ಅವಳೇ ಮೊದಲು ನಿಂತಿದ್ದಳು.

"ಆ ಕಾಗದ ನೀವು ಓದಿದ್ರಾ?"

"ಓದಿದ್ದೆ" ಎಂದೆ. ಸುಳ್ಳು ಹೇಳುವ ಶಕ್ತಿ ಮುಗಿದಿತ್ತು. "ನಿನಗೋಸ್ಕರ ಕಣಮ್ಮ. ನಿನ್ನ ಲೇತ್ ನಿನಗೆ ಉಳೀಲಿ ಅಂತ."

"ಅವನು ಇಪ್ಪತ್ತೆರಡು ವರ್ಷದವನು. ನನ್ನ ಕೈಯಲ್ಲೇ ಅವನನ್ನ ತಯಾರು ಮಾಡಿಸಿ ಕಳಿಸಿದ್ರಿ." ಅವಳ ದನಿ ಏರಲಿಲ್ಲ. "ಇದು ನನಗೋಸ್ಕರ. ಇಲಾಖೆ ಕಾಗದವೆಲ್ಲ ನಿಮ್ಮ ಕೈ ದಾಟೇ ಹೋಗೋದು ಅಂತ ನಿನ್ನೆ ಗೊತ್ತಾಯ್ತು. ಮೊದಲನೇ ಸಲ ನೀವೇ ಮ್ಯಾನೇಜರ ಹತ್ರ ಹೋಗಿ ಹೇಳಿದ್ರಲ್ಲ, ಅದು ಯಾರಿಗೋಸ್ಕರ?"

ಉತ್ತರ ನನ್ನ ಬಳಿ ಇತ್ತು. ಅದು ಕಿಟಕಿಯ ಹಿಂದೆ ಕುರ್ಚಿಯ ಮೇಲೆ ಕೂತಿತ್ತು, ಅವಳ ಕಣ್ಣೆದುರಿಗೇ. ಸಾಲಿನಲ್ಲಿ ಹಿಂದೆ ನಿಂತವರು ಹೊತ್ತಾಯಿತೆಂದು ಗೊಣಗತೊಡಗಿದರು. ಅವಳು ಬಿಲ್ಲೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಹಾಜರಿ ಹಾಕಿ, ಗುಮಾಸ್ತರೇ" ಎಂದಳು.